ಮೊದಲ ಡ್ರಗ್ಸ್ ಕೇಸಿಗೆ ಸರ್ಕಾರದ ಉಚಿತ ವಕೀಲರು ಸಾಕೇ?

ಗಾಂಜಾ, ಎಂಡಿಎಂಎ (ರಾಸಾಯನಿಕ ಮಾದಕವಸ್ತು) ಕೇಸಿನಲ್ಲಿ ಮೊದಲ ಸಲ ಸಿಕ್ಕಿಬಿದ್ದ ವಿದ್ಯಾರ್ಥಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಮೊದಲ 24 ಗಂಟೆಗೆ ಧಾರಾಳವಾಗಿ ಸಾಕು. ಆಮೇಲೆ ಮನೆಯವರು ಬೆನ್ನುಹತ್ತಬೇಕು. ಐದಕ್ಕೆ ಮೂರೂವರೆ ಅಂಕ.

ಬಂಧನದಲ್ಲಿದ್ದವರಿಗೆ ಆದಾಯ ಕೇಳದೆ ವಕೀಲರನ್ನು ಕೊಡಬೇಕು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಹಾಗೆನ್ನುತ್ತದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ಠಾಣೆಯ ಹೆಸರು, ಹಿಡಿದ ಹೊತ್ತು ತಿಳಿಸಿ. ಜಾಮೀನಿನ ಮೇಲೆ ಹೊರಬಂದರೆ ಆದಾಯದ ಪ್ರಶ್ನೆ ಏಳುತ್ತದೆ. ಮಹಿಳೆಯರಿಗೆ, ಎಸ್‌ಸಿ-ಎಸ್‌ಟಿಯವರಿಗೆ ಆ ತೊಡಕಿಲ್ಲ.

ಕೇಸಿನ ಹಣೆಬರಹ ತೂಕದಲ್ಲಿದೆ. ಗಾಂಜಾ 1 ಕೆ.ಜಿ.ವರೆಗೆ, ಎಂಡಿಎಂಎ ಬರೀ 0.5 ಗ್ರಾಂವರೆಗೆ 'ಅಲ್ಪ ಪ್ರಮಾಣ'. ಅದು ದಾಟಿದರೆ ಎಂಡಿಎಂಎಗೆ ಹತ್ತು ವರ್ಷದವರೆಗೂ ಶಿಕ್ಷೆಯಾಗಬಹುದು. ಹಾಗಾಗಿ ಮಹಜರಿನಲ್ಲಿ (ಮಾಲು ವಶಪಡಿಸಿಕೊಂಡಾಗ ಪೊಲೀಸರು ಬರೆಯುವ ದಾಖಲೆ) ಪ್ಲಾಸ್ಟಿಕ್ ಕವರ್ ಸಮೇತ ತೂಗಿದ್ದಾರೋ ಇಲ್ಲವೋ ಎಂದು ವಕೀಲರಿಂದಲೇ ಓದಿಸಿ. ಗಾಂಜಾ ಎಂದರೆ ಹೂ-ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. ಠಾಣೆಯಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆಯೂ ನಿಲ್ಲದು, 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಾಗಿದೆ.

ಈ ಸೇವೆ ಸೊರಗುವುದು ಜಾಮೀನಿನ ನಂತರ. ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯ 64ಎ ಸೆಕ್ಷನ್ ಅಡಿ, ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿರುವ ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದಲೇ ವಿನಾಯಿತಿ ಇದೆ. ಇದನ್ನು ನೀವೇ ಎತ್ತಬೇಕಾಗಬಹುದು. ದಾಖಲಾತಿ ಪತ್ರ, ವೈದ್ಯರ ವರದಿ ಕೈಯಲ್ಲಿರಲಿ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿಯೂ ಹೋಗಬಹುದು. ವಿಚಿತ್ರವೆಂದರೆ, ಒಂದೇ ಸಲ ಸೇದಿದವನು ವ್ಯಸನಿಯಲ್ಲ, ಅವನಿಗೆ ಈ ಬಾಗಿಲಿಲ್ಲ! ಕೇಸು ಅದೇ ಕಾಯ್ದೆಯ ಸೆಕ್ಷನ್ 27ರದ್ದು, ಅಂದರೆ ಸೇವನೆಯದ್ದು ಮಾತ್ರವಾದರೆ 1958ರ ಪ್ರೊಬೇಷನ್ ಕಾಯ್ದೆಯಡಿ (ಜೈಲಿನ ಬದಲು ಸನ್ನಡತೆಯ ಮೇಲೆ ಬಿಡುವ ಕಾನೂನು) ಬಿಡುಗಡೆ ಕೇಳಿ. ಅದರ 12ನೇ ಸೆಕ್ಷನ್ ಪ್ರಕಾರ, ಶಿಕ್ಷೆಯಿಂದ ಬರುವ ಅನರ್ಹತೆ ಅಂಟಿಕೊಳ್ಳುವುದಿಲ್ಲ.

'ಒಪ್ಪಿಕೊಂಡು ದಂಡ ಕಟ್ಟಿ ಕೈತೊಳ್ಕೊಳ್ಳಿ' ಎಂದು ಕೋರ್ಟ್ ಹಾಲಿನ ಹೊರಗೆ ಯಾರಾದರೂ ಹೇಳಿಯಾರು. ದಂಡ ಕಟ್ಟಿದರೂ ಅದು ಅಪರಾಧ ಸಾಬೀತೇ. ಪ್ರೊಬೇಷನ್ ಅರ್ಜಿ ಬರೆದಿಟ್ಟುಕೊಳ್ಳದೆ ತಲೆಯಾಡಿಸಬೇಡಿ. ವಕೀಲರು ಅವಸರ ಮಾಡಿದರೆ ಬದಲಾಯಿಸಿಕೊಡಿ ಎಂದು ಪ್ರಾಧಿಕಾರದ ಕಾರ್ಯದರ್ಶಿಗೆ ಲಿಖಿತವಾಗಿ ಕೊಡಿ.

ಕುಡಿದು ಗಾಡಿ ಓಡಿಸಿದ್ದಷ್ಟೇ ಆದರೆ ಇಷ್ಟೆಲ್ಲ ಬೇಡ. 100 ಮಿ.ಲೀ. ರಕ್ತದಲ್ಲಿ ಮದ್ಯದ ಅಂಶ 30 ಮಿ.ಗ್ರಾಂಗಿಂತ ಹೆಚ್ಚಿದ್ದರೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಊದಿಸಿದ ಯಂತ್ರದ ಚೀಟಿಯಲ್ಲಿರುವ ಅಂಕಿ, ಸಮಯ ಮೊದಲು ನೋಡಿ.