ಮಲ್ಪೆ ರಸ್ತೆಯ ಹಲ್ಲಿನ ಕ್ಲಿನಿಕ್, ಡಿಜಿಟಲ್ ಆಗಿ ನಾಲ್ಕು ಮಳೆಗಾಲ

ನನ್ನ ಹಲ್ಲಿನ ಕ್ಲಿನಿಕ್‌ಗೆ ಕೊಂಡ ಡಿಜಿಟಲ್ ಎಕ್ಸ್-ರೇ ಸೆನ್ಸರ್ ಮತ್ತು ಸಾಫ್ಟ್‌ವೇರ್ ಪ್ಯಾಕೇಜಿನ ವಿಮರ್ಶೆ ಇದು. ಬಳಸಲು ಶುರು ಮಾಡಿದ್ದು ಮೇ 2022. ಸ್ಟಾರ್ 5ಕ್ಕೆ 3.5.

ಮೂರೂವರೆಯಲ್ಲಿ ಮೂರು ಪೂರ್ತಿ ಸೆನ್ಸರ್‌ಗೆ. ಉಳಿದ ಅರ್ಧ ಸಾಫ್ಟ್‌ವೇರ್‌ಗೆ, ಅದೂ ನಮ್ಮ ಅಕ್ಕನ ದಯೆಯಿಂದ. ಅಕ್ಕ ಅಂದರೆ ನಮ್ಮ ಕೌಂಟರ್‌ನಲ್ಲಿ 19 ವರ್ಷದಿಂದ ಕೂತಿರುವವರು. ಅವರ ವಿಷಯ ಮುಂದೆ ಬರುತ್ತದೆ.

ನಾನು ತೆಗೆದುಕೊಂಡದ್ದು ಒಂದು ಪ್ಯಾಕೇಜ್. ಆರ್‌ವಿಜಿ ಸೆನ್ಸರ್ (ಫಿಲ್ಮ್ ಬದಲು ಬಾಯೊಳಗಿಟ್ಟು ಹಲ್ಲಿನ ಎಕ್ಸ್-ರೇ ತೆಗೆಯುವ ಸಾಧನ), ಕ್ಲಿನಿಕ್ ನಡೆಸುವ ಸಾಫ್ಟ್‌ವೇರ್, ಹಳೆ ರಿಜಿಸ್ಟರ್‌ಗಳನ್ನು ಕಂಪ್ಯೂಟರ್‌ಗೆ ಏರಿಸಿಕೊಡುವ ಕೆಲಸ, ಎರಡು ದಿನದ ಟ್ರೇನಿಂಗ್. ಎಲ್ಲ ಸೇರಿ ಎರಡೂಕಾಲು ಲಕ್ಷ ಆಯಿತು. ವರ್ಷದ ಚಂದಾ ಬೇರೆ. ಇದೇ ಜಾತಿಯ ಪ್ಯಾಕೇಜ್ ಬೇರೆಯವರೂ ಮಾರುತ್ತಾರೆ. ಪಕ್ಕದೂರಿನ ಸ್ನೇಹಿತರನ್ನು ಕೇಳಿದರೆ ಅವರ ಗೋಳೂ ಹೆಚ್ಚುಕಡಿಮೆ ಇದೇ. ಹಾಗಾಗಿ ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಮೊದಲು ಸೆನ್ಸರ್. ಆರ್‌ವಿಜಿ ಹೊಸ ವಸ್ತುವೇನಲ್ಲ, ಫ್ರಾನ್ಸ್‌ನಲ್ಲಿ 1987ರಲ್ಲೇ ಬಂದಿತ್ತು. ಮಲ್ಪೆ ರಸ್ತೆ ತಲುಪಲು 35 ವರ್ಷ ಬೇಕಾಯಿತು, ತಪ್ಪು ನನ್ನದೇ. ಅಲ್ಲಿಯವರೆಗೆ ಫಿಲ್ಮ್. ಅದನ್ನು ತೊಳೆಯಲು ಬೆಳಕು ನುಗ್ಗದ, ಎರಡು ಕೈ ತೂರಿಸುವ ಡಬ್ಬ, ಒಳಗೆ ಚಿತ್ರ ಮೂಡಿಸುವ ಡೆವಲಪರ್, ನೀರು, ಚಿತ್ರ ನಿಲ್ಲಿಸುವ ಫಿಕ್ಸರ್. ರೂಟ್ ಕೆನಾಲ್ ಮಾಡುವಾಗ ರೋಗಿ ಬಾಯಿ ತೆರೆದುಕೊಂಡು ಕಾಯುತ್ತಾರೆ, ನಾನು ಡಬ್ಬದೊಳಗೆ ಕೈ ಹಾಕಿ ಮನಸ್ಸಲ್ಲೇ ಎಣಿಸುತ್ತಾ ನಿಲ್ಲುತ್ತೇನೆ. ಸೂಜಿ ಬೇರಿನ ತುದಿವರೆಗೆ ಹೋಗಿಲ್ಲ ಅಂತ ಕಂಡರೆ ಮತ್ತೊಂದು ಫಿಲ್ಮ್, ಮತ್ತೆ ಡಬ್ಬ. ಜೋರು ಮಳೆಯ ಆಟಿ ತಿಂಗಳಲ್ಲಿ ತೊಳೆದ ಫಿಲ್ಮ್ ಒಣಗುವುದೇ ಇಲ್ಲ. ಅರೆಬರೆ ತೊಳೆದರೆ ಕೆಲವೇ ವರ್ಷದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಈಗ ನಾಲ್ಕೈದು ಸೆಕೆಂಡಿನಲ್ಲಿ ಚಿತ್ರ ಪರದೆ ಮೇಲೆ. ಕಿರಣವೂ ಕಡಿಮೆ ಸಾಕು. ರೋಗಿಗೂ ತೋರಿಸಬಹುದು. ಮೊದಲ ತಿಂಗಳು ಬಂದಿದ್ದ ಒಬ್ಬ ತಾಂಡೇಲರು (ಮೀನುಗಾರಿಕೆ ಬೋಟು ನಡೆಸುವವರು) ಪರದೆಯನ್ನೇ ನೋಡಿ, "ಇದು ನಮ್ಮ ಬೋಟಿನ ಫಿಶ್ ಫೈಂಡರ್ ಹಾಗೆಯೇ ಉಂಟಲ್ಲ ಡಾಕ್ಟ್ರೇ" ಅಂದರು. ಬೇರಿನ ತುದಿಯ ಕಪ್ಪು ಮಚ್ಚೆಯನ್ನು ನಾನು ತೋರಿಸುವ ಮೊದಲೇ ಅವರೇ ಬೆರಳಿಟ್ಟರು. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಎಷ್ಟು ವರ್ಷ ವಿವರಿಸಿದರೂ ಇದು ಆಗಿರಲಿಲ್ಲ.

ಸೆನ್ಸರ್‌ನಲ್ಲಿ ದೋಷ ಇಲ್ಲ ಅಂತಲ್ಲ. ಅದು ದಪ್ಪ, ಬಾಗುವುದಿಲ್ಲ. ಕೆಳದವಡೆಯಲ್ಲಿ ನಾಲಗೆಯ ಅಡಿಗೆ ಒತ್ತುತ್ತದೆ, ಮಕ್ಕಳು ಉಗುಳಿಬಿಡುತ್ತಾರೆ. ಬಿಸಿ ಆವಿಯಲ್ಲಿ ಹಾಕಿ ಶುದ್ಧ ಮಾಡಲು ಆಗುವುದಿಲ್ಲ, ಪ್ರತಿಯೊಬ್ಬರಿಗೂ ಹೊಸ ಪ್ಲಾಸ್ಟಿಕ್ ಕವರ್ ಬೇಕು. ಇನ್ನೊಂದು ವಿಷಯ ಮಾರುವವರು ನನಗೆ ಹೇಳಲೇ ಇಲ್ಲ. ನನ್ನ ಹಳೆ ಎಕ್ಸ್-ರೇ ಯಂತ್ರದಲ್ಲಿ ಕಿರಣ ಎಷ್ಟು ಹೊತ್ತು ಅಂತ ಇಡುವ ಟೈಮರ್ ಸೆನ್ಸರ್‌ಗೆ ಬೇಕಾದಷ್ಟು ಕೆಳಗೆ ಇಳಿಯುತ್ತಿರಲಿಲ್ಲ. ಮೊದಲ ವಾರದ ಚಿತ್ರಗಳೆಲ್ಲ ಕಪ್ಪು ಕಪ್ಪು. ಕೊನೆಗೆ ಯಂತ್ರವನ್ನೇ ಬದಲಿಸಿದೆ. ಹೊಸ ಯಂತ್ರ ಬಂದ ಮೇಲೆ ಅಣುಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿಯ ಇ-ಲೋರಾ ಪೋರ್ಟಲ್‌ನಲ್ಲಿ ನೋಂದಣಿ ಕೆಲಸ ಮತ್ತೆ ಮೊದಲಿಂದ. ಸೆನ್ಸರ್ ಕೊಳ್ಳುವ ಮುಂಚೆ ನಿಮ್ಮ ಟೈಮರ್ ನೋಡಿಕೊಳ್ಳಿ ಮಾರಾಯ್ರೆ.

ಈಗ ರಿಜಿಸ್ಟರ್ ಕಥೆ.

2003ರಿಂದ ನಮ್ಮಲ್ಲಿ ಉದ್ದನೆಯ ಪುಸ್ತಕಗಳು. 14 ಪುಸ್ತಕ. ಅವನ್ನೆಲ್ಲ ಕಂಪನಿಯವರು ಫೋಟೋ ಹೊಡೆದುಕೊಂಡು ಹೋಗಿ ಮೂರು ವಾರದಲ್ಲಿ ಟೈಪ್ ಮಾಡಿ ಕಳಿಸಿದರು. ಹೆಸರು, ವಯಸ್ಸು, ಮೊಬೈಲ್, ಯಾವ ಹಲ್ಲು, ಏನು ಕೆಲಸ, ಎಷ್ಟು ದುಡ್ಡು. ನೋಡಲು ಚಂದ. ಆದರೆ ಅಕ್ಕ ರಿಜಿಸ್ಟರಿನಲ್ಲಿ ಹೆಸರಿಗಿಂತ ದೊಡ್ಡದಾಗಿ ಬರೆಯುತ್ತಿದ್ದದ್ದು ಮನೆಯ ಹೆಸರು. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ನಾಲ್ಕು ಶೆಟ್ಟಿ, ಐದು ಪೂಜಾರಿ ಇರುತ್ತಾರೆ. ಮನೆ ಹೆಸರು ಹೇಳಿದರೆ ಮಾತ್ರ ಯಾರು ಅಂತ ಗೊತ್ತಾಗುವುದು. ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. "ಮೊಬೈಲ್ ನಂಬರ್‌ನಿಂದ ಹುಡುಕಿ ಸರ್" ಅಂದರು ಬೆಂಗಳೂರಿನಿಂದ ಬಂದ ಹುಡುಗ. ಇಡೀ ಮನೆಗೆ ಒಂದೇ ನಂಬರ್ ಇದ್ದರೆ? ಆ ನಂಬರ್ ಮುಂಬೈಯಲ್ಲಿರುವ ಮಗನದ್ದಾಗಿದ್ದರೆ?

ಅದು ಬರೀ ಕಿರಿಕಿರಿ. ನಿಜವಾಗಿ ಹೆದರಿದ್ದು ಜುಲೈಯಲ್ಲಿ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ಬಂದರಿನಲ್ಲಿ. ವರ್ಷವಿಡೀ ಲವಂಗದ ಎಣ್ಣೆ ಹಚ್ಚಿ ತಳ್ಳಿದ ಹಲ್ಲುಗಳೆಲ್ಲ ಆ ಎರಡು ತಿಂಗಳಲ್ಲಿ ನಮ್ಮ ಬಾಗಿಲಿಗೆ ಬರುತ್ತವೆ. ಅಂಥ ಒಂದು ಬೆಳಿಗ್ಗೆ, ಹೊರಗೆ 11 ಜನ ಕೂತಿದ್ದಾರೆ. 60 ದಾಟಿದ ಒಬ್ಬರು ದವಡೆ ಹಲ್ಲು ಕೀಳಿಸಲು ಬಂದರು. ಪರದೆಯಲ್ಲಿ ಅವರ ಹೆಸರಿನ ಮುಂದೆ ಏನೂ ಇಲ್ಲ. ನಾನು ಕೇಳಿದೆ, ಮಾತ್ರೆ ಏನಾದರೂ ತಗೊಳ್ತೀರಾ ಅಂತ. "ಎಂತದೂ ಇಲ್ಲ, ಬಿಪಿದು ಒಂದು" ಅಂದರು. ಮರಗಟ್ಟಿಸುವ ಇಂಜೆಕ್ಷನ್ ತುಂಬಿಸಿ ಕೈಯಲ್ಲಿ ಹಿಡಿದಿದ್ದೇನೆ, ಅಕ್ಕ ಬಾಗಿಲಲ್ಲಿ ಬಂದು ನಿಂತರು.

"ಡಾಕ್ಟ್ರೇ, ಇವರದ್ದು ಹಳೆ ಪುಸ್ತಕದಲ್ಲಿ ಕೆಂಪು ಶಾಯಿ ಉಂಟು."

ಪುಸ್ತಕ ತಂದು ತೋರಿಸಿದರು. ಅಂಚಿನಲ್ಲಿ ಕೆಂಪಿನಲ್ಲಿ: ಸ್ಟೆಂಟ್, ರಕ್ತ ತೆಳು ಮಾಡುವ ಎರಡು ಮಾತ್ರೆ. ಅವರಿಗೆ ಅದೆಲ್ಲ ಬೆಳಿಗ್ಗೆ ತಿನ್ನುವ ಮಾಮೂಲಿ ಮಾತ್ರೆಗಳೊಳಗೆ ಸೇರಿಹೋಗಿತ್ತು. ಆ ದಿನ ಕೀಳಲಿಲ್ಲ. ಅವರ ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ, ಮಾತ್ರೆ ನಿಲ್ಲಿಸುವುದು ಬೇಡ ಅಂದರು. ಹೊಲಿಗೆ, ರಕ್ತ ನಿಲ್ಲಿಸುವ ಸ್ಪಂಜು ಎಲ್ಲ ಪಕ್ಕದಲ್ಲಿಟ್ಟುಕೊಂಡು ಎರಡು ದಿನ ಬಿಟ್ಟು ಕಿತ್ತೆ. ಏನೂ ತೊಂದರೆಯಾಗಲಿಲ್ಲ.

ಕಂಪನಿಗೆ ಫೋನ್ ಮಾಡಿ ಕೂಗಾಡಿದೆ. ಟೈಪ್ ಮಾಡುವವರಿಗೆ ಕೊಟ್ಟ ಪಟ್ಟಿಯಲ್ಲಿ "ಅಂಚಿನ ಬರಹ" ಅಂತ ಇರಲಿಲ್ಲವಂತೆ. ಒಪ್ಪಂದ ತೆಗೆದು ನೋಡಿದರೆ ನಿಜ, ಇರಲಿಲ್ಲ. ಕೆಂಪು ಶಾಯಿಯ ಅರ್ಥ ನಾನೂ ಅವರಿಗೆ ಹೇಳಿರಲಿಲ್ಲ. ನನಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಹೇಳಬೇಕು ಅಂತಲೇ ಹೊಳೆಯಲಿಲ್ಲ. ಆಮೇಲೆ ಅಕ್ಕ ಸಂಜೆ ಒಂದೊಂದು ಗಂಟೆ ಕೂತು, 14 ಪುಸ್ತಕದ ಕೆಂಪು ಸಾಲುಗಳನ್ನೆಲ್ಲ ಒಂದೊಂದಾಗಿ ಏರಿಸಿದರು. ಐದು ತಿಂಗಳು ಹಿಡಿಯಿತು. ಅದಕ್ಕೆ ಓವರ್‌ಟೈಮ್ ಕೊಟ್ಟದ್ದು ನಾನು. ಪ್ಯಾಕೇಜಿನ ಬೆಲೆಗೆ ಅದನ್ನೂ ಸೇರಿಸಿ ಲೆಕ್ಕ ಹಾಕಿ.

ತಮಾಷೆ ಏನೆಂದರೆ ಎರಡು ದಿನದ ಟ್ರೇನಿಂಗ್ ಕೊಟ್ಟದ್ದು ನನಗೆ. ಅಕ್ಕ ಆಗ ಹೊರಗೆ ರೋಗಿಗಳನ್ನು ಸಂಭಾಳಿಸುತ್ತಿದ್ದರು. ದಿನಕ್ಕೆ ಎಂಟು ಗಂಟೆ ಅದನ್ನು ಬಳಸುವವರು ಅವರು.

ಹಲ್ಲಿನ ನಂಬರಿನದ್ದೂ ಒಂದು ಎಡವಟ್ಟು ಆಯಿತು. ನಾವಿಲ್ಲಿ ಕಲಿತದ್ದು, ಬರೆಯುವುದು ಎರಡಂಕಿಯ ಎಫ್‌ಡಿಐ ಪದ್ಧತಿ. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಅಂತ, ಎರಡನೆಯದು ಅಲ್ಲಿ ಎಷ್ಟನೇ ಹಲ್ಲು ಅಂತ. ಕೆಳಗಿನ ಎಡ ಮೊದಲ ದವಡೆ ಹಲ್ಲು 36. ಮೊದಲ ದಿನ 36 ಅಂತ ಒತ್ತಿದರೆ ಅಂಥ ಹಲ್ಲೇ ಇಲ್ಲ ಅಂತ ಬಂತು. ಸಾಫ್ಟ್‌ವೇರ್ ಅಮೆರಿಕದ ಪದ್ಧತಿಯಲ್ಲಿತ್ತು, ಅಲ್ಲಿ 1ರಿಂದ 32 ಅಷ್ಟೇ. 36ಕ್ಕೆ ತಕರಾರು ಮಾಡಿದ್ದು ನಮ್ಮ ಪುಣ್ಯ. 16 ಅಂತ ಒತ್ತಿದ್ದರೆ ಸುಮ್ನೆ ಒಪ್ಪಿಕೊಂಡುಬಿಡುತ್ತಿತ್ತು. ನಮಗೆ 16 ಅಂದರೆ ಮೇಲಿನ ಬಲ ಮೊದಲ ದವಡೆ ಹಲ್ಲು. ಅವರಿಗೆ ಮೇಲಿನ ಎಡಗಡೆಯ ಬುದ್ಧಿಹಲ್ಲು. ಸೆಟ್ಟಿಂಗ್ ಬದಲಿಸಲು ಅರ್ಧ ನಿಮಿಷ ಸಾಕು, ಆದರೆ ಅದನ್ನು ಮಾಡಿಕೊಟ್ಟು ಹೋಗಬೇಕಾದವರು ಯಾರು?

ಮಳೆಗಾಲದ ಬಗ್ಗೆ ಹೇಳದಿದ್ದರೆ ಉಡುಪಿಯವರು ಬರೆದ ವಿಮರ್ಶೆ ಅನ್ನಿಸುವುದಿಲ್ಲ. ರೋಗಿಗಳ ದಾಖಲೆ ಇರುವುದು ಕ್ಲೌಡ್‌ನಲ್ಲಿ. ಕರೆಂಟ್ ಹೋದರೆ ನಮ್ಮ ಯುಪಿಎಸ್ ನಡೆಯುತ್ತದೆ, ಕಂಪ್ಯೂಟರ್ ಉರಿಯುತ್ತಿರುತ್ತದೆ, ಆದರೆ ಬೀದಿಯ ಇಂಟರ್ನೆಟ್ ಪೆಟ್ಟಿಗೆಗೆ ಬ್ಯಾಟರಿ ಇಲ್ಲ. ಪರದೆ ಮುಂದೆ ಕೂತು ಯಾರು ಬಂದಿದ್ದಾರೆ ಅಂತ ಗೊತ್ತಾಗದ ಸ್ಥಿತಿ. ಮೊದಲ ಮಳೆಗಾಲ ಹೀಗೇ ಕಳೆಯಿತು. ಈಗ ಮೊಬೈಲ್ ಹಾಟ್‌ಸ್ಪಾಟ್ ಇಟ್ಟುಕೊಂಡಿದ್ದೇವೆ, ಜೊತೆಗೆ ಮರುದಿನದ ಪಟ್ಟಿಯನ್ನು ಅಕ್ಕ ಹಿಂದಿನ ಸಂಜೆಯೇ ಪ್ರಿಂಟ್ ತೆಗೆದಿಡುತ್ತಾರೆ. ಉಪ್ಪುಗಾಳಿಗೆ ಯುಎಸ್‌ಬಿ ಪೋರ್ಟ್ ಎರಡು ಸಲ ಹಾಳಾಯಿತು. ಡಿಜಿಟಲ್ ಆಗುವುದಿದ್ದರೆ ಅಕ್ಟೋಬರ್‌ನಲ್ಲಿ ಆಗಿ. ಮೇ ತಿಂಗಳಲ್ಲಿ ಶುರು ಮಾಡಿದ್ದು ನನ್ನ ದಡ್ಡತನ.

ಮೂರನೇ ವರ್ಷ ಸೆನ್ಸರಿನ ಕೇಬಲ್ ಸತ್ತಿತು. ಒಬ್ಬ ಹುಡುಗ ಗಟ್ಟಿಯಾಗಿ ಕಚ್ಚಿದ. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು, ಇಂಥವೆಲ್ಲ ಹಾಗೇ ಅಲ್ವಾ. ರಿಪೇರಿಗೆ ಹೋಗಿ ಬರಲು 19 ದಿನ. ಹಳೆ ಡಬ್ಬ ಅಟ್ಟದ ಮೇಲಿತ್ತು, ಇಳಿಸಿದೆವು. ಡೆವಲಪರ್ ಅವಧಿ ಮುಗಿದಿತ್ತು, ಹೊಸದಕ್ಕಾಗಿ ಮಂಗಳೂರಿಗೆ ಹೇಳಿ ಕಳಿಸಬೇಕಾಯಿತು.

ನೆನಪಿಸುವ ಮೆಸೇಜುಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಕನ್ನಡಕ್ಕೆ ಬದಲಿಸಿದ ಮೇಲೆ. ಮೊದಲು ಇಂಗ್ಲಿಷಿನಲ್ಲಿ ಹೋಗುತ್ತಿದ್ದವು. ದುಬೈಯಿಂದ ಒಬ್ಬರು ಗಾಬರಿಯಲ್ಲಿ ಫೋನ್ ಮಾಡಿದರು, ಅಮ್ಮನಿಗೆ ಯಾವ ಆಪರೇಷನ್ ಅಂತ. ಅಮ್ಮನಿಗೆ ಹಲ್ಲು ಕ್ಲೀನಿಂಗ್.

ಹಲ್ಲಿನ ಅಚ್ಚು ತೆಗೆಯುವ ಬದಲು ಬಾಯೊಳಗೆ ಹಾಕುವ ಸ್ಕ್ಯಾನರ್ ಕೂಡ ತೋರಿಸಲು ತಂದಿದ್ದರು. ವಾಂತಿ ಬರುವವರಿಗೆ ಅದು ವರ, ಒಪ್ಪುತ್ತೇನೆ. ಆದರೆ ನಾನು ವಾರಕ್ಕೆ ಮಾಡುವುದು ಮೂರು ನಾಲ್ಕು ಕ್ಯಾಪ್. ಆಲ್ಜಿನೇಟ್‌ನಲ್ಲಿ ಅಚ್ಚು ತೆಗೆದು, ಆ ಅಚ್ಚು ಒಣಗಿ ಕುಗ್ಗುವ ಮೊದಲು ಅದಕ್ಕೆ ಸ್ಟೋನ್ (ಗಟ್ಟಿ ಜಿಪ್ಸಂ) ಹಾಕಿ, ಮಾದರಿಯನ್ನು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಂಗಳೂರಿನ ಲ್ಯಾಬಿಗೆ ಕಳಿಸಿದರೆ ಮಧ್ಯಾಹ್ನಕ್ಕೆ ತಲುಪುತ್ತದೆ. ಸದ್ಯಕ್ಕೆ ಸಾಕು.

ಕೊನೆಯದಾಗಿ, ಬಿಟ್ಟು ಹೋಗುವುದು ಎಷ್ಟು ಸುಲಭ ಅಂತ ನೋಡಿಕೊಳ್ಳಿ. ಕಳೆದ ವರ್ಷ ಚಂದಾ 18,000ದಿಂದ 27,000ಕ್ಕೆ ಏರಿದಾಗ ಬೇರೆ ಕಡೆ ಹೋಗೋಣ ಅನ್ನಿಸಿತು. ನಮ್ಮ ದಾಖಲೆ ಕೊಡಿ ಅಂದೆ. ಒಬ್ಬೊಬ್ಬರಿಗೆ ಒಂದೊಂದು ಪಿಡಿಎಫ್ ಕೊಟ್ಟರು. ಅದನ್ನು ಇನ್ನೊಂದು ಸಾಫ್ಟ್‌ವೇರಿಗೆ ಹಾಕುವುದು ಹೇಗೆ? ಆರು ಮೇಲ್ ಬರೆದ ಮೇಲೆ ಎಕ್ಸೆಲ್ ಬಂತು. ಎಕ್ಸ್-ರೇ ಚಿತ್ರಗಳು ಅವರದೇ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುವ ಫೈಲುಗಳಾಗಿದ್ದವು. ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುವ ಡೈಕಾಮ್ ಫೈಲ್ ಆಗಿ ಕೊಡಿ, ಕಡೇಪಕ್ಷ ಜೆಪೆಗ್ ಆದರೂ ಕೊಡಿ ಅಂತ ಮತ್ತೆ ಜಗಳ. ಕೊಳ್ಳುವ ಮುಂಚೆಯೇ ಇದನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಈ ಸಲ ಒಂದು ವರ್ಷಕ್ಕೆ ಮಾತ್ರ ನವೀಕರಿಸಿದ್ದೇನೆ. ಮನೆ ಹೆಸರಿನ ಜಾಗ ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ ಅಂತ ಎರಡನೇ ಸಲ ಹೇಳಿದ್ದಾರೆ. ಅಲ್ಲಿಯವರೆಗೆ ಅಕ್ಕ ಅದನ್ನು "ಉದ್ಯೋಗ" ಅನ್ನುವ ಜಾಗದಲ್ಲಿ ಟೈಪ್ ಮಾಡುತ್ತಿದ್ದಾರೆ. ವರ್ಷದ ಕೊನೆಯ ರಿಪೋರ್ಟಿನ ಪ್ರಕಾರ ನಮ್ಮ 46 ರೋಗಿಗಳ ಉದ್ಯೋಗ "ಮೇಲ್ಮನೆ".