ಚಳಿಗಾಲದ ಆರೊಮ್ಯಾಟಿಕ್ ಪೈಪ್ ತಂಬಾಕು: ಘಮಲಿಗಿಂತ ಹದ ಮುಖ್ಯ

ಡಿಸೆಂಬರ್ ಹತ್ತಿರ ಬಂತೆಂದರೆ ಪೈಪ್ ತಂಬಾಕಿನ ಕಂಪನಿಗಳು ಹಬ್ಬದ ವಿಶೇಷ ಡಬ್ಬಿಗಳನ್ನು ಹೊರಗೆ ಬಿಡುತ್ತವೆ. ಮುಚ್ಚಳದ ಚಿತ್ರ ವರ್ಷವರ್ಷವೂ ಬೇರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ ಜಾತಿಯದು. ಕಪ್ಪು ಕ್ಯಾವೆಂಡಿಶ್ ಎಂಬ ಹದಗೊಳಿಸಿದ ಎಲೆ ಜಾಸ್ತಿ, ಜೊತೆಗೆ ವರ್ಜೀನಿಯಾ, ಕೆಲವೊಮ್ಮೆ ಬರ್ಲಿ ಎಂಬ ತಂಬಾಕಿನ ತಳಿಗಳು, ಅದರ ಮೇಲೆ ರಮ್, ವೆನಿಲ್ಲಾ, ಕಿತ್ತಳೆ ಸಿಪ್ಪೆ, ದಾಲ್ಚಿನ್ನಿ ಅಥವಾ ಚೆರ್ರಿಯ ಸುವಾಸನೆ. ಹೀಗೆ ಸುವಾಸನೆ ಸೇರಿಸಿದ ತಂಬಾಕೇ ಆರೊಮ್ಯಾಟಿಕ್. ಪಾಕ ಆಗಾಗ ಬದಲಾಗುವುದರಿಂದ ಒಂದು ವರ್ಷದ ಡಬ್ಬಿಯ ಬಗ್ಗೆ ಬರೆದದ್ದು ಮುಂದಿನ ವರ್ಷಕ್ಕೆ ಒದಗುವುದಿಲ್ಲ. ಹಾಗಾಗಿ ಇಲ್ಲಿ ತೂಗಿ ನೋಡಿರುವುದು ಈ ಜಾತಿಯ ಮಿಶ್ರಣವನ್ನೇ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಸರಕು ಕೆಟ್ಟದ್ದಲ್ಲ, ಆದರೆ ಡಬ್ಬಿಯಿಂದ ನೇರವಾಗಿ ಪೈಪಿಗೆ ತುಂಬುವ ಹದದಲ್ಲಿ ಅದು ಬರುವುದೇ ಇಲ್ಲ. ನಾಲಿಗೆ ಸುಟ್ಟಿತು, ರುಚಿಯೇ ಇಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಮುಚ್ಚಳದ ಹೆಸರನ್ನು ನಂಬಿ ಕೊಳ್ಳಬೇಡಿ. ಮ್ಯಾಕ್‌ಕ್ಲೆಲ್ಯಾಂಡ್ ಕಂಪನಿಯ ಕ್ರಿಸ್ಮಸ್ ಚಿಯರ್ ಎಂಬ ಡಬ್ಬಿ ಬಹಳ ಹೆಸರು ಮಾಡಿತ್ತು. 2018ರಲ್ಲಿ ಕಂಪನಿ ಬಾಗಿಲು ಹಾಕಿದ ಮೇಲೆ ಉಳಿದ ಡಬ್ಬಿಗಳಿಗೆ ಇಂದಿಗೂ ಬೇಡಿಕೆ ಇದೆ. ಆದರೆ ಅದು ಆರೊಮ್ಯಾಟಿಕ್ ಆಗಿರಲೇ ಇಲ್ಲ. ಒಂದೇ ವರ್ಷದ ಬೆಳೆಯ ವರ್ಜೀನಿಯಾ ಎಲೆಯಿಂದ ಮಾಡಿದ ಫ್ಲೇಕ್, ಅಂದರೆ ಎಲೆಯನ್ನು ಒತ್ತಿ ತೆಳು ಹೋಳುಗಳಾಗಿ ಕತ್ತರಿಸಿದ ತಂಬಾಕು, ಅದು. ಸಿಹಿ ಮಸಾಲೆಯ ಘಮಲು ಬಯಸಿ ಅದನ್ನು ತೆರೆದವರಿಗೆ ನಿರಾಸೆ, ವರ್ಜೀನಿಯಾ ಮೆಚ್ಚುವವರಿಗೆ ಹಬ್ಬ. ಹೆಸರಿಗಿಂತ ಡಬ್ಬಿಯ ಹಿಂಬದಿಯ ವಿವರ ಓದಿ, ಎಲೆ ಯಾವುದು, ಮೇಲಿನ ಸುವಾಸನೆ ಯಾವುದು ಎಂದು ಬೇರೆ ಮಾಡಿ ನೋಡಿ.

ಸುವಾಸನೆ ಎಲೆಗೆ ಸೇರುವುದು ಎರಡು ಹಂತದಲ್ಲಿ. ಎಲೆಯನ್ನು ಕತ್ತರಿಸುವ ಮೊದಲು ಸಕ್ಕರೆ, ಲಿಕೊರಿಸ್ (ಅತಿಮಧುರ) ಮುಂತಾದವುಗಳ ಪಾಕದಲ್ಲಿ ಅದನ್ನು ನೆನೆಸುತ್ತಾರೆ, ಇದು ಕೇಸಿಂಗ್. ಎಲೆಯ ಒರಟುತನ ತಗ್ಗಿಸುವುದು ಅದರ ಕೆಲಸ. ಕತ್ತರಿಸಿ ಒಣಗಿಸಿದ ಮೇಲೆ ಕೊನೆಯಲ್ಲಿ ಸಿಂಪಡಿಸುವುದು ಟಾಪಿಂಗ್. ಮುಚ್ಚಳ ತೆರೆದ ಕೂಡಲೇ ಮೂಗಿಗೆ ಬಡಿಯುವುದು ಈ ಎರಡನೆಯದು. ಅದು ಬೇಗ ಹಾರುವ ದ್ರವ್ಯ, ಬೆಂಕಿ ತಾಗಿದರೆ ಬಹುಪಾಲು ಹೋಗಿಬಿಡುತ್ತದೆ. ಆದ್ದರಿಂದ ಡಬ್ಬಿಯಲ್ಲಿ ಮೂಸಿದ ಘಮಲೇ ಬಾಯಿಗೂ ಬರುತ್ತದೆ ಎಂದು ಕಾಯುವುದು ತಪ್ಪು ಲೆಕ್ಕ. ಸೇದುವವರ ನಾಲಿಗೆಗೆ ಅದರ ಸಣ್ಣ ಭಾಗ ಮಾತ್ರ ಸಿಗುತ್ತದೆ, ಪಕ್ಕದಲ್ಲಿ ಕೂತವರ ಮೂಗಿಗೆ ಹೆಚ್ಚು. ಟಾಪಿಂಗ್ ಹಾರಿಹೋದ ಮೇಲೆ ಉಳಿಯುವುದು ಎಲೆ. ಒಳ್ಳೆಯ ಡಬ್ಬಿ, ಕಳಪೆ ಡಬ್ಬಿ ಎಂಬ ವ್ಯತ್ಯಾಸ ತಿಳಿಯುವುದು ಬೌಲಿನ, ಅಂದರೆ ಪೈಪಿನಲ್ಲಿ ಎಲೆ ತುಂಬುವ ಬಟ್ಟಲಿನ, ಅರ್ಧ ದಾಟಿದ ಮೇಲೆ.

ಈ ಮಿಶ್ರಣಗಳ ಬೆನ್ನೆಲುಬು ಕಪ್ಪು ಕ್ಯಾವೆಂಡಿಶ್. ಅದು ಬೇರೆ ತಳಿಯಲ್ಲ. ವರ್ಜೀನಿಯಾ ಅಥವಾ ಬರ್ಲಿಯನ್ನು ಹಬೆಯಲ್ಲಿ ಬೇಯಿಸಿ, ಒತ್ತಡದಲ್ಲಿಟ್ಟು ಕಪ್ಪಾಗಿಸಿದ ಎಲೆ. ತನ್ನದೇ ರುಚಿ ಕಡಿಮೆ, ಮೆತ್ತಗೆ ಉರಿಯುತ್ತದೆ, ಸುವಾಸನೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬರಿ ಅದನ್ನೇ ಸುರಿದ ಡಬ್ಬಿ ಅರ್ಧದ ನಂತರ ಬಿಸಿ ಗಾಳಿ ಎಳೆದಂತಾಗುತ್ತದೆ. ವರ್ಜೀನಿಯಾ ಇದ್ದರೆ ಅದರ ಸಹಜ ಸಕ್ಕರೆಯ ಸಿಹಿ ಕೊನೆಯವರೆಗೂ ನಿಲ್ಲುತ್ತದೆ, ಆದರೆ ಜೋರಾಗಿ ಎಳೆದರೆ ನಾಲಿಗೆ ಕಚ್ಚುವುದೂ ಅದೇ. ಬರ್ಲಿಯಲ್ಲಿ ಸಕ್ಕರೆ ತೀರಾ ಕಡಿಮೆ, ಬಾದಾಮಿ ಜಾತಿಯ ಒಣರುಚಿ ಇರುತ್ತದೆ, ನಿಧಾನವಾಗಿ ಉರಿಯುತ್ತದೆ. ಹಬ್ಬದ ಡಬ್ಬಿಯಲ್ಲಿ ಬರ್ಲಿ ಕಣ್ಣಿಗೆ ಕಂಡರೆ ಧೈರ್ಯವಾಗಿ ಕೊಳ್ಳಬಹುದು ಎಂಬುದು ನಮ್ಮ ಅಭಿಪ್ರಾಯ. ಮೇಲಿನ ಸಿಹಿ ತೀರಿದಾಗ ಬಾಯಿಗೆ ಏನಾದರೂ ಸಿಗುವುದು ಅದರಿಂದಲೇ.

ಸುವಾಸನೆಗಳಲ್ಲಿ ರಮ್ ಮತ್ತು ವೆನಿಲ್ಲಾ ಜೋಡಿಗೆ ಮೊದಲ ಸ್ಥಾನ. ಕ್ಯಾವೆಂಡಿಶ್‌ನ ಸುಟ್ಟ ಸಕ್ಕರೆಯಂಥ ರುಚಿಗೆ ಅದು ಕೂಡಿಕೊಳ್ಳುತ್ತದೆ, ಟಾಪಿಂಗ್ ಕರಗಿದ್ದು ಥಟ್ಟನೆ ಗೊತ್ತಾಗುವುದಿಲ್ಲ. ದಾಲ್ಚಿನ್ನಿ, ಲವಂಗ, ಕಿತ್ತಳೆಯ ಮಸಾಲೆ ಗುಂಪು ಡಬ್ಬಿಯಲ್ಲಿ ಎಲ್ಲಕ್ಕಿಂತ ಸೊಗಸು. ಬೌಲಿನ ಮೊದಲ ಮೂರನೇ ಒಂದು ಭಾಗದಲ್ಲಿ ನಿಜಕ್ಕೂ ಹಿತ. ಆಮೇಲೆ ಕಿತ್ತಳೆ ಮಾಯ, ದಾಲ್ಚಿನ್ನಿ ಮಾತ್ರ ನಾಲಿಗೆಯ ತುದಿಯಲ್ಲಿ ಚುರುಗುಟ್ಟುತ್ತಾ ಉಳಿಯುತ್ತದೆ. ಚೆರ್ರಿಯ ಡಬ್ಬಿಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಔಷಧದ ಸಿರಪ್ಪಿನ ಛಾಯೆ ಬೇಗ ಮೇಲೆ ಬರುತ್ತದೆ, ಪೈಪಿಗೆ ಹಿಡಿದ ವಾಸನೆ ಸುಲಭಕ್ಕೆ ಬಿಡುವುದೂ ಇಲ್ಲ.

ಈಗ ಹದದ ವಿಷಯ. ಎಲೆ ಒಣಗದಿರಲೆಂದು ಆರೊಮ್ಯಾಟಿಕ್‌ಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಬೆರೆಸುವುದು ವಾಡಿಕೆ. ಅದು ತೇವವನ್ನು ಹಿಡಿದಿಡುತ್ತದೆ. ಆ ತೇವ ಕೆಂಡದ ಬಿಸಿಗೆ ಹಬೆಯಾಗಿ ಹೊಗೆಯ ಜೊತೆ ಬಾಯಿಗೆ ಬರುತ್ತದೆ, ನಾಲಿಗೆ ಸುಡುವುದು ಬಹುಮಟ್ಟಿಗೆ ಈ ಹಬೆಯೇ. ಒದ್ದೆ ಎಲೆ ಪದೇ ಪದೇ ಆರುತ್ತದೆ, ಆರಿದ್ದಕ್ಕೆ ಜೋರಾಗಿ ಎಳೆಯುತ್ತೇವೆ, ಜೋರಾಗಿ ಎಳೆದಷ್ಟೂ ಬಿಸಿ ಹೆಚ್ಚುತ್ತದೆ.

ಬೌಲಿಗೆ ಬೇಕಾದಷ್ಟು, ಸುಮಾರು 2ರಿಂದ 3 ಗ್ರಾಂ, ತೆಗೆದು ಬಿಳಿ ಕಾಗದದ ಮೇಲೆ ತೆಳುವಾಗಿ ಹರಡಿ. ಗಂಟುಗಳನ್ನು ಬೆರಳಿನಿಂದ ಬಿಡಿಸಿ. ಒಣ ಹವೆಯಲ್ಲಿ ಅರ್ಧ ಗಂಟೆ, ತೇವದ ಹವೆಯಲ್ಲಿ ಒಂದು ಗಂಟೆಗೂ ಹೆಚ್ಚು ಬೇಕು. ಗಡಿಯಾರಕ್ಕಿಂತ ಬೆರಳನ್ನು ನಂಬಿ: ಒಂದು ಚಿಟಿಕೆ ಎಲೆಯನ್ನು ಹಿಸುಕಿ ಬಿಟ್ಟಾಗ ಉಂಡೆಯಾಗಿಯೇ ಕೂತರೆ ಇನ್ನೂ ಒದ್ದೆ, ನಿಧಾನಕ್ಕೆ ಬಿಚ್ಚಿಕೊಂಡರೆ ಹದ, ಪುಡಿಯಾಗಿ ಉದುರಿದರೆ ಹದ ಮೀರಿತು. ಗ್ಲೈಕಾಲ್ ಹೆಚ್ಚಿರುವ ಮಿಶ್ರಣ ಎಷ್ಟು ಹೊತ್ತು ಬಿಟ್ಟರೂ ಬೆರಳಿಗೆ ಸ್ವಲ್ಪ ಅಂಟುತ್ತಲೇ ಇರುತ್ತದೆ. ಕಾಗದದ ಮೇಲೆ ತೇವದ ಗುರುತು ಮೂಡುವುದು ನಿಂತಿದ್ದರೆ ಸಾಕು, ಅಂಟು ಪೂರ್ತಿ ಹೋಗಲಿ ಎಂದು ಕಾಯಬೇಡಿ. ಮೈಕ್ರೋವೇವ್, ಹೇರ್ ಡ್ರೈಯರ್ ಬೇಡವೇ ಬೇಡ. ತೇವಕ್ಕಿಂತ ಮೊದಲು ಘಮಲೇ ಹಾರಿಹೋಗುತ್ತದೆ.

ತುಂಬುವಾಗ ಮೂರು ಹಂತ. ಮೊದಲ ಪಾಲನ್ನು ಒತ್ತದೆ ಉದುರಿಸಿ ಬಿಡಬೇಕು, ಎರಡನೆಯದನ್ನು ಹಗುರಾಗಿ, ಕೊನೆಯದನ್ನು ಕೊಂಚ ಬಿಗಿಯಾಗಿ ಒತ್ತಬೇಕು. ಆರೊಮ್ಯಾಟಿಕ್ ಎಲೆ ಬೆಂಕಿ ತಾಗಿದಾಗ ಉಬ್ಬುತ್ತದೆ, ಹಾಗಾಗಿ ಬೇರೆ ತಂಬಾಕಿಗಿಂತ ಸಡಿಲವೇ ಇರಲಿ. ಹಚ್ಚುವ ಮೊದಲು ಒಂದು ಸಲ ಎಳೆದು ನೋಡಿ. ಸ್ಟ್ರಾದಲ್ಲಿ ನೀರು ಹೀರಿದಷ್ಟೇ ತಡೆ ಇರಬೇಕು. ಅದಕ್ಕಿಂತ ಬಿಗಿ ಎನಿಸಿದರೆ ಎಲ್ಲವನ್ನೂ ಸುರಿದು ಮತ್ತೆ ತುಂಬಿ. ಕಡ್ಡಿ ಚುಚ್ಚಿ ಸರಿಪಡಿಸಿದ ಬೌಲು ಅರ್ಧಕ್ಕೆ ಕೈಕೊಡುತ್ತದೆ.

ಬೆಂಕಿಕಡ್ಡಿಯಾದರೆ ತುದಿಯ ಮದ್ದು ಪೂರ್ತಿ ಉರಿದ ಮೇಲೆ ಹತ್ತಿರ ತನ್ನಿ, ಇಲ್ಲದಿದ್ದರೆ ಗಂಧಕದ ವಾಸನೆ ಎಲೆಗೆ ಸೇರುತ್ತದೆ. ಜೆಟ್ ಲೈಟರ್ ಬೌಲಿನ ಅಂಚನ್ನೇ ಸುಟ್ಟು ಕಪ್ಪಾಗಿಸುತ್ತದೆ, ಮೆತ್ತನೆಯ ಜ್ವಾಲೆ ಸಾಕು. ಮೊದಲ ಹಚ್ಚುವಿಕೆಯಲ್ಲಿ ಮೇಲ್ಪದರ ಉಬ್ಬಿ ಏಳುತ್ತದೆ. ಟ್ಯಾಂಪರಿನಿಂದ (ಎಲೆ ಒತ್ತುವ ಸಣ್ಣ ಸಾಧನ) ಹಗುರಾಗಿ ಸಮ ಮಾಡಿ ಎರಡನೇ ಸಲ ಹಚ್ಚಿ. ಆಮೇಲೆ ಸಣ್ಣ ದಮ್ಮು, ನಡುವೆ ಬಿಡುವು. ಬೌಲನ್ನು ಕೆನ್ನೆಗೆ ತಾಗಿಸಿ ಹಿಡಿಯಲಾಗದಷ್ಟು ಬಿಸಿಯಾದರೆ ಕೆಳಗಿಟ್ಟುಬಿಡಿ. ಆರಿದರೆ ಆರಲಿ, ಮತ್ತೆ ಹಚ್ಚಬಹುದು. ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತಾರೆ.

ಗೊಳಗೊಳ ಸದ್ದು ಕೇಳಿಸಿತೆಂದರೆ ಹೊಗೆದಾರಿಯಲ್ಲಿ ನೀರು ನಿಂತಿದೆ ಎಂದರ್ಥ. ಪೈಪ್ ಬಿಸಿಯಿರುವಾಗ ಸ್ಟೆಮ್ (ಬಾಯಿಗಿಡುವ ನಳಿಕೆ) ಕಳಚಬಾರದು, ಮರ ಹಿಗ್ಗಿರುವುದರಿಂದ ಕೂಡುವ ಜಾಗದಲ್ಲಿ ಬಿರುಕು ಬಿಡುತ್ತದೆ. ಸ್ಟೆಮ್ ಮೂಲಕವೇ ಪೈಪ್ ಕ್ಲೀನರನ್ನು ಬೌಲಿನ ಬುಡದವರೆಗೆ ತೂರಿಸಿ, ಒಂದು ಕ್ಷಣ ಬಿಟ್ಟು ಎಳೆದು ತೆಗೆಯಿರಿ. ಕಂದು ನೀರು ಹೀರಿಕೊಂಡು ಬರುತ್ತದೆ, ಮುಂದಿನ ದಮ್ಮಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಬುಡದಲ್ಲಿ ಉಳಿಯುವ ಒದ್ದೆ ಚರಟವನ್ನು ಹಟ ಹಿಡಿದು ಸೇದಬೇಡಿ. ಅಲ್ಲಿ ಇರುವುದು ಕಹಿ ಮಾತ್ರ, ಸುರಿದುಬಿಡಿ.

ಈ ಜಾತಿಗೆ ಮೆಕ್ಕೆಜೋಳದ ದಿಂಡಿನ ಪೈಪ್ ಬಹಳ ಚೆನ್ನಾಗಿ ಹೊಂದುತ್ತದೆ. ಅಮೆರಿಕದ ಮಿಸೌರಿಯ ವಾಷಿಂಗ್ಟನ್ ಪಟ್ಟಣದಲ್ಲಿ 1869ರಿಂದ ಮಿಸೌರಿ ಮೀರ್‌ಶಾಮ್ ಕಂಪನಿ ಇವನ್ನು ಮಾಡುತ್ತಾ ಬಂದಿದೆ. ದಿಂಡು ತೇವವನ್ನು ಹೀರುತ್ತದೆ, ಬೆಲೆ ಕಡಿಮೆಯಾದ್ದರಿಂದ ಚೆರ್ರಿ, ಲವಂಗದ ವಾಸನೆ ಹಿಡಿದರೂ ನಷ್ಟವಿಲ್ಲ. ಬ್ರಯರ್ ಮರದ ಪೈಪೇ ಬೇಕೆಂದರೆ ಪೀಟರ್ಸನ್ ಸಿಸ್ಟಮ್ ನೋಡಿ. 1890ರಲ್ಲಿ ಪೇಟೆಂಟ್ ಆದ ಈ ವಿನ್ಯಾಸದಲ್ಲಿ ಹೊಗೆದಾರಿಯ ಕೆಳಗೊಂದು ಗುಳಿ ಇದ್ದು, ನೀರು ಬಾಯಿಗೆ ಬರದೆ ಅಲ್ಲಿಯೇ ಕೂಡುತ್ತದೆ. 9 ಮಿ.ಮೀ. ಇದ್ದಿಲು ಫಿಲ್ಟರ್ ಕೂಡ ತೇವ ತಗ್ಗಿಸುತ್ತದೆ, ಆದರೆ ಮೊದಲೇ ತೆಳುವಾದ ರುಚಿಯನ್ನು ಇನ್ನಷ್ಟು ತೆಳುವಾಗಿಸುತ್ತದೆ. ಯಾವ ಪೈಪಾದರೂ ಆರೊಮ್ಯಾಟಿಕ್‌ಗೆಂದೇ ಒಂದನ್ನು ಮೀಸಲಿಡಿ. ಅದರಲ್ಲಿ ವರ್ಜೀನಿಯಾ ಸೇದಿದರೆ ಹಳೆಯ ವೆನಿಲ್ಲಾ ಎದ್ದು ಬರುತ್ತದೆ. ಒಳಗೋಡೆಯ ಮಸಿಪದರ ಈ ತಂಬಾಕಿನಲ್ಲಿ ಮೆತ್ತಗೆ, ಅಂಟಾಗಿ ಕಟ್ಟುತ್ತದೆ. ಪ್ರತಿ ಸಲ ಮಡಿಸಿದ ಕ್ಲೀನರಿನಿಂದ ಒರೆಸಿ, ದಪ್ಪ ಸುಮಾರು 1 ಮಿ.ಮೀ. ದಾಟದಂತೆ ನೋಡಿಕೊಳ್ಳಿ.

ಸಿಹಿ ಘಮಲಿಗೆ ಮನೆಯವರ ತಕರಾರು ಕಡಿಮೆ, ಈ ಡಬ್ಬಿಗಳು ಜನಪ್ರಿಯವಾಗಲು ಅದೂ ಒಂದು ಕಾರಣ. ಆದರೆ ಘಮಲು ಹಿತವಾದ ಮಾತ್ರಕ್ಕೆ ಹೊಗೆ ನಿರಪಾಯವಾಗುವುದಿಲ್ಲ. ಎದೆಗೆ ಎಳೆಯದಿದ್ದರೂ ಪೈಪಿನಿಂದ ಬಾಯಿ, ಗಂಟಲಿನ ಕ್ಯಾನ್ಸರ್ ಬರುತ್ತದೆ, ನಿಕೋಟಿನ್ ಚಟ ಹಿಡಿಸುತ್ತದೆ, ಪಕ್ಕದವರು ಉಸಿರಾಡುವುದೂ ಅದೇ ಹೊಗೆಯನ್ನು. ಮಕ್ಕಳಿರುವ ಕೋಣೆಯಲ್ಲಿ ಹಚ್ಚಬೇಡಿ. ಸೇದದವರು ಈ ಘಮಲಿಗಾಗಿ ಶುರು ಮಾಡುವುದಂತೂ ಬೇಡ.

ಕೊಳ್ಳುವುದಾದರೆ ಒಂದೇ ಡಬ್ಬಿ ಕೊಳ್ಳಿ. ವರ್ಜೀನಿಯಾ ಇಟ್ಟಷ್ಟೂ ಮಾಗುತ್ತದೆಂದು ಜನ ಡಬ್ಬಿಗಟ್ಟಲೆ ಕೂಡಿಡುತ್ತಾರೆ, ಆರೊಮ್ಯಾಟಿಕ್‌ಗೆ ಆ ಲೆಕ್ಕ ನಡೆಯುವುದಿಲ್ಲ. ಟಾಪಿಂಗ್ ಕಾಲ ಕಳೆದಂತೆ ಮಂಕಾಗುತ್ತದೆ, ಅದರ ಜಾಗಕ್ಕೆ ಬೇರೇನೂ ಬರುವುದಿಲ್ಲ. ತೆರೆದ ಮೇಲೆ ರಬ್ಬರ್ ಉಂಗುರದ ಗಾಜಿನ ಜಾಡಿಗೆ ತುಂಬಿ, ಬೆಳಕು ಬೀಳದ ಕಪಾಟಿನಲ್ಲಿಟ್ಟು, ಆ ಚಳಿಗಾಲದಲ್ಲೇ ಮುಗಿಸುವುದು ಲೇಸು. ಜಾಡಿ ಖಾಲಿಯಾದ ಮೇಲೆ ಗಾಜು ತೊಳೆದರೆ ಶುದ್ಧವಾಗುತ್ತದೆ, ರಬ್ಬರಿಗೆ ಹಿಡಿದ ಲವಂಗ ಮಾತ್ರ ಹೋಗುವುದಿಲ್ಲ. ಬೇರೆ ತಂಬಾಕು ತುಂಬುವ ಮುನ್ನ ಉಂಗುರ ಬದಲಾಯಿಸಿ.