ಹಿರಿಯರೊಡನೆ ಗೋವಾ ಕಡಲಿಗೆ: ಮೋಟಾರ್ ಯಾಟೋ, ಕ್ಯಾಟಮರಾನೋ?

ಗೋವಾದಲ್ಲಿ ಕ್ಯಾಪ್ಟನ್ ಮತ್ತು ಸಿಬ್ಬಂದಿಯ ಸಮೇತ ಇಡೀ ದೋಣಿಯನ್ನೇ ಬಾಡಿಗೆಗೆ ಹಿಡಿದು ಮನೆಮಂದಿಯೊಂದಿಗೆ ಒಂದು ದಿನ ಕಳೆಯಬೇಕೆನ್ನುವವರಿಗೆ, ಅದರಲ್ಲೂ ಜೊತೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೂ ಸಣ್ಣ ಮಕ್ಕಳೂ ಇರುವವರಿಗೆ, ಜೋಡಿ ಒಡಲಿನ ಹಾಯಿದೋಣಿಯಾದ ಕ್ಯಾಟಮರಾನನ್ನೇ ಹಿಡಿಯಿರಿ ಎಂದು ನಾನು ಹೇಳುತ್ತೇನೆ. ಎಂಜಿನ್ನಿನಿಂದಲೇ ಓಡುವ, ಒಂಟಿ ಒಡಲಿನ ಬಿಳಿಯ ಮೋಟಾರ್ ಯಾಟ್ ಚಿತ್ರದಲ್ಲಿ ಬಹಳ ಚೆಂದ ಕಾಣುತ್ತದೆ, ಗಂಟೆಯ ಲೆಕ್ಕದಲ್ಲಿ ಬಾಡಿಗೆಯೂ ಅಗ್ಗ. ಆದರೆ ಧಾರವಾಡದಿಂದ ಅನಮೋಡ ಘಾಟಿಯಿಳಿದು ಹೋಗಿ, ಬೇರೆ ಬೇರೆ ಚಳಿಗಾಲಗಳಲ್ಲಿ ಎರಡನ್ನೂ ಹತ್ತಿ ನೋಡಿದ ನಮ್ಮ ಮನೆಯಲ್ಲಿ ಈಗ ಮೋಟಾರ್ ಯಾಟಿನ ಮಾತು ಏಳುವುದಿಲ್ಲ. ದೋಣಿಯ ಉದ್ದ, ಎಂಜಿನ್ನಿನ ಶಕ್ತಿ, ಎಸಿ ಕೋಣೆಗಳ ಸಂಖ್ಯೆ ಇವನ್ನೆಲ್ಲ ಏಜೆಂಟರು ಕೇಳುವ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡುತ್ತಾರಾದ್ದರಿಂದ ಅವನ್ನು ಇಲ್ಲಿ ಬಿಟ್ಟು, ಅವರು ಹೇಳದೆ ಉಳಿಸುವ ಸಂಗತಿಗಳನ್ನು ಬರೆಯುತ್ತೇನೆ.

ಅವುಗಳಲ್ಲಿ ಮೊದಲನೆಯದು, ಉಳಿದೆಲ್ಲಕ್ಕಿಂತ ದೊಡ್ಡದು, ಹತ್ತುವುದು ಮತ್ತು ಇಳಿಯುವುದು. ಮೋಟಾರ್ ಯಾಟ್ ಗೊತ್ತುಮಾಡಿದಾಗ ಪಣಜಿಯ ತೇಲುವ ಜೆಟ್ಟಿಯಿಂದ ಹತ್ತಿಸುತ್ತೇವೆಂದು ಹೇಳಿದ್ದ ಏಜೆಂಟ್, ಹಿಂದಿನ ರಾತ್ರಿ ಸಂದೇಶ ಕಳಿಸಿ ಜಾಗವನ್ನು ಬದಲಿಸಿದ. ಹೊಸದಾಗಿ ಹೇಳಿದ್ದು ಸೇತುವೆಗಳ ಆಚೆ, ಮಾಂಡೋವಿ ನದಿಯ ಒಳಭಾಗದಲ್ಲಿದ್ದ ಒಂದು ಹಳೆಯ ಕಲ್ಲಿನ ಕಟ್ಟೆ. ಮಧ್ಯಾಹ್ನ ಹತ್ತುವಾಗ ನೀರು ತಕ್ಕಮಟ್ಟಿಗೆ ಮೇಲಿದ್ದುದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ಕಟ್ಟೆಯಿಂದ ಡೆಕ್ಕಿಗೆ ಒಂದು ಹೆಜ್ಜೆ, ಅಷ್ಟೇ. ಸಂಜೆ ಮರಳಿದಾಗ ಇಳಿತವಾಗಿ, ಡೆಕ್ಕು ಕಟ್ಟೆಯ ಅಂಚಿಗಿಂತ ಸಾಕಷ್ಟು ಕೆಳಗಿತ್ತು. ಮಧ್ಯೆ ಇದ್ದದ್ದು ಪಾಚಿ ಹಿಡಿದ, ಚಿಪ್ಪು ಕಚ್ಚಿಕೊಂಡ ಮೆಟ್ಟಿಲುಗಳು. ಹಿಡಿದುಕೊಳ್ಳಲು ಒಂದು ಸರಪಳಿಯೂ ಇರಲಿಲ್ಲ. ನನ್ನ ತಾಯಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ನೆಲದ ಮೇಲೆ ಆರಾಮವಾಗಿ ನಡೆಯುತ್ತಾರೆ, ಆದರೆ ಕಾಲೆತ್ತಿ ಒದ್ದೆ ಕಲ್ಲಿನ ಮೇಲಿಡುವುದು ಅವರಿಂದಾಗದು. ಕುಮಟಾ ಕಡೆಯ ಒಬ್ಬ ಹುಡುಗ ಸಿಬ್ಬಂದಿಯಲ್ಲಿದ್ದ. ಅವನು ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತು, "ಅಮ್ಮಾ, ಒಂಚೂರು ನಿಲ್ಲಿ. ದೋಣಿ ಮೇಲ್ ಬಂದಾಗ ಕಾಲ್ ಹಾಕಿ" ಎನ್ನುತ್ತ, ಪ್ರತಿ ಅಲೆಗೂ ಕೈಚಾಚಿ ಕಾಯುತ್ತಿದ್ದ. ದೋಣಿ ಏರಿದಾಗ ಅವ್ವ ಧೈರ್ಯ ಮಾಡುವಷ್ಟರಲ್ಲಿ ಅದು ಮತ್ತೆ ಇಳಿದಿರುತ್ತಿತ್ತು. ಕೊನೆಗೆ ಇಬ್ಬರು ಸೇರಿ ಅವರನ್ನು ಕುರ್ಚಿಯ ಸಮೇತ ಎತ್ತಿ ದಾಟಿಸಿದರು. ಆ ಹುಡುಗನ ಉಪಕಾರವನ್ನು ನಾವು ಮರೆಯುವುದಿಲ್ಲ. ಆದರೆ ಹಣ ಕೊಟ್ಟು ಹೋದ ಪ್ರವಾಸದ ಕೊನೆಯಲ್ಲಿ ಹಿರಿಯರೊಬ್ಬರು ಭಯದಿಂದ ನಡುಗುತ್ತ ದಡ ಸೇರಬೇಕಾದದ್ದು ನನಗೆ ಇವತ್ತಿಗೂ ನೋವಿನ ವಿಷಯ.

ಇದರ ಹಿಂದಿನ ಲೆಕ್ಕವನ್ನು ಘಟ್ಟದ ಮೇಲಿನವರಾದ ನಮ್ಮಂಥವರು ಸ್ವಲ್ಪ ತಿಳಿದುಕೊಳ್ಳಬೇಕು. ಗೋವಾ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅವುಗಳ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಅವುಗಳ ಮರುದಿನದ ಪಾಡ್ಯ, ಬಿದಿಗೆಗಳಲ್ಲಿ, ನೀರಿನ ಏರಿಳಿತ ಎರಡು ಮೀಟರಿನ ಆಸುಪಾಸಿಗೆ ಹೋಗುತ್ತದೆ. ಆ ದಿನಗಳಲ್ಲಿ ಇಲ್ಲಿ ಉಬ್ಬರ ನಡುಹಗಲಿಗೆ ಹತ್ತಿರವಾಗಿ ಬರುವುದರಿಂದ, ಇಳಿತವು ಸರಿಯಾಗಿ ಸಂಜೆಗೆ, ಎಂದರೆ ಸೂರ್ಯಾಸ್ತ ನೋಡಿ ಎಲ್ಲರೂ ಮರಳುವ ಹೊತ್ತಿಗೆ ಬೀಳುತ್ತದೆ. ಅಷ್ಟಮಿಯಿಂದ ದಶಮಿಯವರೆಗಿನ ದಿನಗಳಲ್ಲಿ ಏರಿಳಿತವೇ ಕಡಿಮೆ. ಸಂಜೆಯ ಹೊತ್ತಿಗೆ ನೀರು ಏರುವ ಕಡೆಗಿರುತ್ತದೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಮಾರ್ಮಗೋವಾ ಬಂದರಿನ ಉಬ್ಬರವಿಳಿತದ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಅದನ್ನು ನೋಡುವಷ್ಟು ವ್ಯವಧಾನವಿಲ್ಲದಿದ್ದರೂ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು. ಹುಣ್ಣಿಮೆಯ ಬೆಳದಿಂಗಳಲ್ಲಿ ಕಡಲು ನೋಡುವ ಆಸೆ ಎಲ್ಲರಿಗೂ ಇರುವುದು ಸಹಜವೇ, ಆದರೆ ಮಂಡಿನೋವಿನ ಹಿರಿಯರಿದ್ದರೆ ಅಷ್ಟಮಿಯ ಆಸುಪಾಸಿನ ದಿನವನ್ನೇ ಆರಿಸಿಕೊಳ್ಳುವುದು ಮೇಲು.

ತೇಲುವ ಜೆಟ್ಟಿಯಲ್ಲಿ ಈ ತೊಂದರೆಯಿಲ್ಲ, ಏಕೆಂದರೆ ನೀರಿನೊಂದಿಗೆ ಜೆಟ್ಟಿಯೂ ದೋಣಿಯೂ ಒಟ್ಟಿಗೇ ಏರಿಳಿಯುತ್ತವೆ. ದಡದಿಂದ ಜೆಟ್ಟಿಗೆ ಹಾಕಿರುವ ಕಾಲುಸೇತುವೆಯ ಇಳಿಜಾರು ಮಾತ್ರ ಇಳಿತದಲ್ಲಿ ಕಡಿದಾಗುತ್ತದೆ. ನಾವು ಹಿಡಿದ ಕ್ಯಾಟಮರಾನ್ ನದಿಯಲ್ಲಿ ಲಂಗರು ಹಾಕಿಕೊಂಡು ನಿಂತಿತ್ತು. ತೇಲುವ ಜೆಟ್ಟಿಯಿಂದ ನಾಲ್ಕು ನಾಲ್ಕು ಜನರನ್ನು ಡಿಂಗಿಯಲ್ಲಿ ಕೂರಿಸಿ ಅದರ ಬಳಿಗೆ ಒಯ್ದರು. ಸಣ್ಣ ದೋಣಿಯೆಂದರೆ ಅವ್ವ ಮೊದಲಿಗೆ ಅಳುಕಿದರು, ನಿಜ. ಆದರೆ ಕ್ಯಾಟಮರಾನಿನ ಎರಡೂ ಒಡಲುಗಳ ಹಿಂಬದಿಯಲ್ಲಿ ನೀರಿನ ಮಟ್ಟದವರೆಗೂ ಅಗಲವಾದ ಮೆಟ್ಟಿಲುಗಳಿರುತ್ತವೆ. ಡಿಂಗಿಯ ಅಂಚೂ ಕೊನೆಯ ಮೆಟ್ಟಿಲೂ ಹೆಚ್ಚುಕಡಿಮೆ ಒಂದೇ ಎತ್ತರ. ಅವ್ವ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದನ್ನು ನನ್ನ ತಮ್ಮನ ಹೆಗಲ ಮೇಲಿಟ್ಟು, ಮನೆಯ ಹೊಸ್ತಿಲು ದಾಟುವಂತೆ ದಾಟಿದರು. ಇಳಿಯುವಾಗಲೂ ಹಾಗೆಯೇ ಆಯಿತು.

ಜೆಟ್ಟಿ ಯಾವುದೆಂಬುದು ಸಮಯದ ಲೆಕ್ಕಕ್ಕೂ ಬರುತ್ತದೆ. ಬ್ರಿಟೋನಾದಂಥ ಸೇತುವೆಗಳಾಚೆಗಿನ ಊರಿನಿಂದ ಹೊರಟರೆ ನದಿ ಕಡಲು ಸೇರುವಲ್ಲಿನ ಅಗ್ವಾದ ಕೋಟೆಯ ಮೂತಿಗೆ ಒಂಬತ್ತು ಹತ್ತು ಕಿಲೋಮೀಟರ್ ನದಿಯಲ್ಲೇ ಸಾಗಬೇಕು. ಅಟಲ್ ಸೇತುವೆಯ ಅಡಿಯಲ್ಲಿ, ಕ್ಯಾಸಿನೊ ಹಡಗುಗಳ ಮಗ್ಗುಲಲ್ಲಿ ನಿಧಾನಿಸುತ್ತ ಹೋದರೆ ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ಎರಡು ಗಂಟೆಯ ಬಾಡಿಗೆಯಲ್ಲಿ ಸಮುದ್ರಕ್ಕೆ ಉಳಿಯುವುದು ಅರ್ಧ ಗಂಟೆ. ಕಡಲು ಕಂಡಿತೆನ್ನುವಷ್ಟರಲ್ಲಿ ಕ್ಯಾಪ್ಟನ್ ಚುಕ್ಕಾಣಿ ತಿರುಗಿಸಿರುತ್ತಾನೆ. ಹಾಯಿಕಂಬದ ಎತ್ತರದಿಂದಾಗಿ ನಮ್ಮ ಕ್ಯಾಟಮರಾನಿಗೆ ಆ ಸೇತುವೆಗಳ ಅಡಿಯಲ್ಲಿ ಹೋಗಲು ಆಗುತ್ತಿರಲಿಲ್ಲವಾದ್ದರಿಂದ, ಅದು ಸೇತುವೆಗಳ ಈಚೆಗೆ, ಸಮುದ್ರದ ಕಡೆಗೇ ನಿಂತಿತ್ತು. ಹೊರಟ ಸ್ವಲ್ಪ ಹೊತ್ತಿನಲ್ಲೇ ಬಲಗಡೆ ರೈಸ್ ಮಾಗೋಸ್ ಕೋಟೆ, ಎಡಗಡೆ ಮಿರಾಮಾರ್ ಮರಳು, ಮುಂದೆ ಅಗ್ವಾದ. ಬಾಡಿಗೆಯ ಗಂಟೆ ಯಾವಾಗ ಶುರುವಾಗುತ್ತದೆ, ಜೆಟ್ಟಿಗೆ ಬಂದಾಗಲೋ ಲಂಗರು ಎತ್ತಿದಾಗಲೋ ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳಿ.

ಓಲಾಟದ ವಿಷಯಕ್ಕೆ ಬಂದರೆ, ಮೋಟಾರ್ ಯಾಟ್ ಓಡುವಾಗ ಹೆಚ್ಚು ತೊಂದರೆ ಕೊಡುವುದಿಲ್ಲ, ನಿಂತಾಗ ಕೊಡುತ್ತದೆ. ಡಾಲ್ಫಿನ್ ನೋಡಲೆಂದು ಅಗ್ವಾದದ ಎದುರು ಎಂಜಿನ್ ತಗ್ಗಿಸಿದ ಕೂಡಲೇ ಆ ಒಂಟಿ ಒಡಲು ಪಕ್ಕದಿಂದ ಪಕ್ಕಕ್ಕೆ ಹೊರಳತೊಡಗಿತು. ಮೇಲಿನ ಮಹಡಿಯಲ್ಲಿ ಕುಳಿತವರಿಗೆ ಎತ್ತರದ ಕಾರಣದಿಂದ ಅದು ಇಮ್ಮಡಿಯಾಗಿ ತಟ್ಟಿತು. ಫೋಟೋ ತೆಗೆಯಲು ಮೇಲೆ ಹೋದ ಮಕ್ಕಳೆಲ್ಲ ಮುಖ ಬಾಡಿಸಿಕೊಂಡು ಕೆಳಗೆ ಬಂದರು, ಇಬ್ಬರಿಗೆ ವಾಂತಿಯಾಯಿತು, ಡಾಲ್ಫಿನ್ ಬೆನ್ನು ಮೇಲೆ ಬಂದದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ. ಕ್ಯಾಟಮರಾನಿಗೆ ಎರಡು ಒಡಲುಗಳ ನಡುವಿನ ಅಗಲವೇ ಆಧಾರ. ಅದರ ಕುಲುಕಾಟ ಚುರುಕಾಗಿರುತ್ತದೆ, ಆದರೆ ಹೊರಳುವುದಿಲ್ಲ. ಮೇಜಿನ ಮೇಲಿಟ್ಟ ಮಜ್ಜಿಗೆಯ ಲೋಟಗಳು ಇಟ್ಟಲ್ಲೇ ಇದ್ದವು. ಚಳಿಗಾಲದಲ್ಲಿ ಇಲ್ಲಿ ಬೆಳಿಗ್ಗೆ ದಡದಿಂದ ಮೆಲುಗಾಳಿ ಬೀಸಿ ನೀರು ತಿಳಿಯಾಗಿರುತ್ತದೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲ ಗಾಳಿ ಎದ್ದು ಅಲೆ ಒರಟಾಗುತ್ತದೆ. ಆದ್ದರಿಂದ ಮೋಟಾರ್ ಯಾಟ್ ಹಿಡಿಯಲೇಬೇಕಾದವರು ಬೆಳಗಿನ ಹೊತ್ತನ್ನು ಕೇಳಿಕೊಳ್ಳಲಿ. ಹಾಯಿಗೆ ಬೇಕಾದದ್ದು ಮಧ್ಯಾಹ್ನದ ಗಾಳಿಯೇ. ವಾಂತಿಯ ಮಾತ್ರೆಯನ್ನು, ವೈದ್ಯರನ್ನು ಕೇಳಿಕೊಂಡು, ಹತ್ತುವುದಕ್ಕೆ ಮೊದಲೇ ತೆಗೆದುಕೊಳ್ಳಬೇಕು. ತಲೆಸುತ್ತು ಶುರುವಾದ ಮೇಲೆ ಅದರಿಂದ ಪ್ರಯೋಜನ ಕಡಿಮೆ.

ಹಾಯಿ ಬಿಚ್ಚಿ ಎಂಜಿನ್ ನಿಲ್ಲಿಸಿದ ಆ ಹೊತ್ತು ನನಗೆ ಇಡೀ ಪ್ರವಾಸದ ಸಾರವೆನಿಸಿತು. ಡೀಸೆಲ್ ವಾಸನೆ ಹೋಗಿ, ಹಗ್ಗ ಬಿಗಿಯುವ ಸದ್ದು ಮತ್ತು ಒಡಲಿನಡಿಯ ನೀರಿನ ಸದ್ದು ಮಾತ್ರ ಉಳಿದಿತ್ತು. ಮಾಂಡೋವಿಯೆಂದರೆ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಎಂದು ತಮ್ಮ ಹೇಳಿದಾಗ ಅವ್ವ ಅಳಿವೆಯ ಅಗಲವನ್ನು ನೋಡುತ್ತ, "ನಮ್ಮ ಖಾನಾಪುರದ ಹೊಳಿ ಇಲ್ಲಿ ಇಷ್ಟ ದೊಡ್ಡದಾಗೇತೇನ?" ಎಂದು ಕೇಳಿದರು. ಮೋಟಾರ್ ಯಾಟಿನಲ್ಲಿ ಧ್ವನಿವರ್ಧಕದ ಅಬ್ಬರಕ್ಕೆ ಇಂಥ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಊಟದ ವಿಷಯದಲ್ಲಿ ಎರಡೂ ಕಡೆ ಮನೆಯ ಬುತ್ತಿಗೆ ಅಡ್ಡಿಯಿರಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ದೋಣಿಗೆ ಹೇಳಿ ಮಾಡಿಸಿದ ಊಟ. ಎಣ್ಣೆಗಾಯಿ ಮಾತ್ರ ಬೇಡ. ಶೌಚಾಲಯ ಎರಡರಲ್ಲೂ ಇಕ್ಕಟ್ಟು. ನೆರಳು ಮೋಟಾರ್ ಯಾಟಿನಲ್ಲಿ ಹೆಚ್ಚು, ಎಸಿ ಕೋಣೆಯೂ ಉಂಟು. ಈ ಒಂದು ವಿಷಯದಲ್ಲಿ ಅದೇ ಮೇಲು. ಕ್ಯಾಟಮರಾನಿನ ಮುಂಭಾಗದ ಬಲೆಯ ಮೇಲೆ ಮಕ್ಕಳು ಮಲಗಿ ಕೆಳಗಿನ ನೀರು ನೋಡಲು ಹಾತೊರೆಯುತ್ತಾರೆ. ಒಬ್ಬ ದೊಡ್ಡವರು ಅಲ್ಲೇ ಕೂತಿರಬೇಕು.

ಜನರ ಮಿತಿಯ ಬಗ್ಗೆ ಯಾವ ರಾಜಿಯೂ ಬೇಡ. ಗೋವಾದಲ್ಲಿ ದೋಣಿಗಳ ಮೇಲ್ವಿಚಾರಣೆ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯದು, ಎಷ್ಟು ಜನರನ್ನು ಹತ್ತಿಸಬಹುದೆಂಬುದು ದೋಣಿಯ ಕಾಗದದಲ್ಲೇ ಇರುತ್ತದೆ. ಆ ಕಾಗದವನ್ನು ಕೇಳಿ ನೋಡುವುದರಲ್ಲಿ ಸಂಕೋಚವೇನಿಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ನಮ್ಮ ಸೀಮೆಯ ಜನ ಪ್ರಾಣ ಕಳೆದುಕೊಂಡದ್ದನ್ನು ಉತ್ತರ ಕರ್ನಾಟಕದವರು ಮರೆತಿಲ್ಲ. "ಇನ್ನಿಬ್ಬರು ಬಂದರೂ ನಡೆಯುತ್ತದೆ ಸರ್" ಎಂದು ಫೋನಿನಲ್ಲಿ ಹೇಳುವ ಏಜೆಂಟರ ಜೊತೆ ಮಾತು ಮುಂದುವರಿಸಬೇಡಿ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಷ್ಟಿವೆಯೆಂದು ಕೇಳಿ, ಹತ್ತುವ ಮುನ್ನ ತೊಡಿಸಿ ನೋಡಿ. ದೊಡ್ಡವರ ಜಾಕೆಟ್ಟನ್ನು ಮಗುವಿಗೆ ಹಾಕಿದರೆ ನೀರಿನಲ್ಲಿ ಅದು ಕುತ್ತಿಗೆಯಿಂದ ಕಳಚಿ ಮೇಲೆ ಹೋಗುತ್ತದೆ. ಕ್ಯಾಟಮರಾನಿನ ಕ್ಯಾಪ್ಟನ್ ತಾನಾಗಿಯೇ ಪ್ರತಿ ಮಗುವಿನ ಪಟ್ಟಿಯನ್ನೂ ಎಳೆದು ಬಿಗಿದ; ಮೋಟಾರ್ ಯಾಟಿನಲ್ಲಿ ಜಾಕೆಟ್‌ಗಳನ್ನು ಸೀಟಿನಡಿಯಿಂದ ನಾವೇ ಹುಡುಕಿ ತೆಗೆಯಬೇಕಾಯಿತು.

ಹಣದ ಲೆಕ್ಕ ಹೀಗಿದೆ. ಮೋಟಾರ್ ಯಾಟಿಗೆ ಎರಡು ಗಂಟೆಗೆ ನಾವು ಕೊಟ್ಟದ್ದು ಸುಮಾರು ₹25,000, ಕ್ಯಾಟಮರಾನಿಗೆ ನಾಲ್ಕು ಗಂಟೆಗೆ ₹60,000. ಮೊದಲ ನೋಟಕ್ಕೆ ಎರಡರ ನಡುವೆ ಅಜಗಜಾಂತರ. ಆದರೆ ಮೋಟಾರ್ ಯಾಟನ್ನೂ ನಾಲ್ಕು ಗಂಟೆಗೆ ಹಿಡಿದರೆ ₹50,000 ಆಗುತ್ತದೆ. ಹನ್ನೆರಡು ಜನರಿಗೆ ಹಂಚಿದರೆ ತಲೆಗೆ ಉಳಿಯುವ ವ್ಯತ್ಯಾಸ ₹850ಕ್ಕಿಂತ ಕಡಿಮೆ. ನಮ್ಮದು ಪ್ರತಿ ವರ್ಷ ದೂರದೂರು ತಿರುಗುವ ಮನೆಯಲ್ಲ. ವರ್ಷವಿಡೀ ಮೂವರು ಅಣ್ಣತಮ್ಮಂದಿರು ತಿಂಗಳಿಗಿಷ್ಟು ಎಂದು ತೆಗೆದಿಟ್ಟು ಒಂದು ದಿನಕ್ಕೆ ಖರ್ಚು ಮಾಡುವವರು ನಾವು. ಅಂಥವರು ಆ ಒಂದು ದಿನದಲ್ಲಿ ಅವಸರಪಡಬಾರದು. ಇಷ್ಟು ಹಣ ಬೇಡವೆನ್ನುವವರು ಕೋಕೊ ಬೀಚಿನ ಕಡೆಯಿಂದ ಹೊರಡುವ ಡಾಲ್ಫಿನ್ ದೋಣಿಗಳಲ್ಲಿ ತಲೆಗಿಷ್ಟೆಂದು ಕೊಟ್ಟು ಹೋಗಿಬರಬಹುದು, ಆದರೆ ಬಿಸಿಲಿಗೂ ನೀರಿನ ಎರಚಲಿಗೂ ಹಿರಿಯರನ್ನು ಒಡ್ಡಬೇಕಾಗುತ್ತದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಅಗ್ವಾದದ ಅಳಿವೆಯ ಮರಳು ದಿಬ್ಬದ ಮೇಲೆ ಅಲೆ ಒಡೆಯುವುದರಿಂದ ಸಮುದ್ರದ ಮಾತೇ ಬೇಡ.

ಮೋಟಾರ್ ಯಾಟ್ ಯಾರಿಗೂ ತಕ್ಕುದಲ್ಲ ಎಂದೇನೂ ಅಲ್ಲ. ನನ್ನ ಅಣ್ಣನ ಮಗಳು ಬೆಂಗಳೂರಿನ ಸಹೋದ್ಯೋಗಿಗಳೊಂದಿಗೆ ಹೋಗುವುದಾಗಿ ಕೇಳಿದಾಗ ನಾನೇ ಅದನ್ನು ಹೇಳಿದೆ: ಎಲ್ಲರೂ ಮೂವತ್ತರ ಒಳಗಿನವರು, ಅವರಿಗೆ ಹಾಡು ಬೇಕು, ಎಸಿ ಬೇಕು, ಎರಡು ಗಂಟೆಗೆ ಮುಗಿಯಬೇಕು. ಪಣಜಿಯ ಕಡೆಯಿಂದ, ಬೆಳಿಗ್ಗೆ ಹೊರಡುವ ದೋಣಿಯನ್ನು ಹಿಡಿಯಲು ಮಾತ್ರ ತಿಳಿಸಿದ್ದೇನೆ. ನಾವು ಮಾಘ ಶುದ್ಧ ನವಮಿಯಂದು ಅದೇ ಕ್ಯಾಟಮರಾನನ್ನು ಮತ್ತೆ ಗೊತ್ತುಮಾಡಿ, ಮುಂಗಡದ ರಸೀದಿಯಲ್ಲಿ ಜೆಟ್ಟಿಯ ಹೆಸರನ್ನೂ ಲಂಗರು ಎತ್ತುವ ವೇಳೆಯನ್ನೂ ಬರೆಸಿಕೊಂಡಿದ್ದೇವೆ.